ಪಗನೀನಿಯ ಪಿಟೀಲು ಮತ್ತು ಜನಾಪವಾದ

ಅಸಾಧಾರಣವಾದುದನ್ನು ಕಂಡಾಗ ಲೋಕವು ಎರಡು ಬಗೆಯಾಗಿ ಮಾತನಾಡುತ್ತದೆ. ಇದು ದೇವರ ವರವೆನ್ನುತ್ತದೆ, ಇಲ್ಲವೇ ದೆವ್ವದ ಮಾಟವೆನ್ನುತ್ತದೆ. ಇದು ಮನುಷ್ಯನ ಪರಿಶ್ರಮದ ಫಲವೆಂದು ಹೇಳಲು ಅದಕ್ಕೆ ನಾಲಗೆ ಏಳದು. ಇಟಲಿಯ ಪಿಟೀಲು ವಿದ್ವಾಂಸ ನಿಕೊಲೊ ಪಗನೀನಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ವಾಚಕರು ಪರಾಮರ್ಶಿಸಬೇಕು.

ಪಗನೀನಿ ಜನಿಸಿದ್ದು 1782ರ ಅಕ್ಟೋಬರ್ 27ರಂದು, ಜಿನೋವಾ ನಗರದಲ್ಲಿ. ತಂದೆ ಅಂತೋನಿಯೊ ಸಂಗೀತಪ್ರಿಯನಾದರೂ ಕಠೋರ ಸ್ವಭಾವದವನು. ಮಗನ ಅಭ್ಯಾಸ ಸಡಿಲವಾದರೆ ಅನ್ನವನ್ನೇ ತಡೆಯುತ್ತಿದ್ದನೆಂದು ಪಗನೀನಿ ಮುಂದೆ ನೆನೆದಿದ್ದಾನೆ. ಆತನ ತಾಯಿಗೆ ಕನಸಿನಲ್ಲಿ ದೇವದೂತನು ಕಾಣಿಸಿಕೊಂಡು, ಮಗನು ಅದ್ವಿತೀಯ ವಾದಕನಾಗುವನೆಂದು ವರವಿತ್ತನೆಂಬ ಕಥೆಯೂ ಉಂಟು. ಜನರು ಕನಸನ್ನು ನೆನಪಿಟ್ಟುಕೊಂಡರು. ಹಸಿದ ಬಾಲಕನ ಸಾಧನೆಯನ್ನು ಮರೆತರು.

ಆತನು ಒಂದೇ ತಂತಿಯ ಮೇಲೆ ಇಡೀ ಕೃತಿಯನ್ನು ನುಡಿಸಬಲ್ಲವನಾಗಿದ್ದನು. ಈ ವಿದ್ಯೆ ಲುಕ್ಕಾ ಸಂಸ್ಥಾನದಲ್ಲಿ, ನೆಪೋಲಿಯನ್ನನ ಸಹೋದರಿ ಎಲೀಸಾಳ ಆಸ್ಥಾನದಲ್ಲಿ ಬೆಳೆಯಿತು. ಮೊದಲು ಎರಡು ತಂತಿಗಳನ್ನು ನಾಯಕ ನಾಯಿಕೆಯರ ಸಂವಾದದಂತೆ ನುಡಿಸಿದನು. ಒಂದೇ ತಂತಿ ಸಾಲದೇ ಎಂದು ರಾಣಿ ಕೇಳಲು, ನಾಲ್ಕನೆಯ ತಂತಿಗೆಂದೇ ನೆಪೋಲಿಯನ್ನನ ಹೆಸರಿನ ಕೃತಿಯೊಂದನ್ನು ರಚಿಸಿದನು. ಆದರೆ ಜನರು ಹೇಳಿದ್ದೇ ಬೇರೆ. ಪ್ರೇಯಸಿಯನ್ನು ಕೊಂದು ಆತನು ಸೆರೆಮನೆ ಸೇರಿದನಂತೆ. ಅಲ್ಲಿ ಉಳಿದ ಒಂದೇ ತಂತಿಯ ಮೇಲೆ ವರ್ಷಗಟ್ಟಲೆ ಸಾಧಿಸಿದನಂತೆ. ಆ ತಂತಿಯೂ ಹತಳಾದವಳ ಕರುಳಿನದಂತೆ! ಆ ಕಾಲದ ಪಿಟೀಲಿನ ತಂತಿಗಳನ್ನು ಕುರಿಯ ಕರುಳಿನಿಂದ ಮಾಡುತ್ತಿದ್ದರು. ನಿಜದ ಒಂದು ಎಳೆ ಸಿಕ್ಕರೆ ವದಂತಿಯು ಅದರಿಂದ ಇಡೀ ಸೀರೆಯನ್ನೇ ನೇಯುತ್ತದೆ.

1828ರಲ್ಲಿ ಪಗನೀನಿ ವಿಯೆನ್ನಾ ನಗರಕ್ಕೆ ಬಂದನು. ಅಲ್ಲಿ ಮಾಟಗಾತಿಯರ ನೃತ್ಯವೆಂಬ ಕೃತಿಯನ್ನು ನುಡಿಸುತ್ತಿರುವಾಗ, ಸೈತಾನನು ಆತನ ತೋಳನ್ನು ನಡೆಸುತ್ತಿದ್ದುದನ್ನು ಕಣ್ಣಾರೆ ಕಂಡೆನೆಂದು ಶ್ರೋತೃವೊಬ್ಬನು ಸಾರಿದನು. ತಾನು ಮನುಷ್ಯರಿಗೆ ಹುಟ್ಟಿದವನೆಂದು ತೋರಿಸಲು ಆ ಮಹಾವಾದಕನು ತಾಯಿಯ ಪತ್ರವನ್ನು ಅಚ್ಚು ಹಾಕಿಸಬೇಕಾಯಿತು. ಇದಕ್ಕಿಂತ ದೊಡ್ಡ ಅವಮಾನವುಂಟೇ?

1831ರಲ್ಲಿ ಪ್ಯಾರಿಸ್ಸಿನ ಬೀದಿಯೊಂದರಲ್ಲಿ ತಾನು ಸೆರೆಯಲ್ಲಿರುವಂತೆ ಬರೆದ ಚಿತ್ರವು ಮಾರಾಟಕ್ಕಿರುವುದನ್ನು ಕಂಡು, ಆತನು ಸಂಗೀತ ಪತ್ರಿಕೆಯೊಂದಕ್ಕೆ ಉತ್ತರ ಬರೆದನು. ಅದರ ತರ್ಕ ಸರಳವಾಗಿದೆ. ನಾನು ಬಾಲ್ಯದಿಂದಲೂ ಸಭೆಗಳಲ್ಲಿ ನುಡಿಸುತ್ತ ಬಂದವನು; ಎಂಟು ವರ್ಷ ಸೆರೆಯಲ್ಲಿದ್ದುದು ನಿಜವಾದರೆ ಏಳರ ವಯಸ್ಸಿನಲ್ಲಿಯೇ ನನಗೆ ಪ್ರೇಯಸಿ ಇದ್ದಿರಬೇಕು, ಎಂಬುದು ಅದರ ಸಾರ. ದರೋಡೆಯ ಸಂಚಿಗಾಗಿ ಶಿಕ್ಷೆ ಹೊಂದಿದ ಬೇರೊಬ್ಬ ಪಿಟೀಲುಗಾರನ ಕಥೆಯು ತನ್ನ ತಲೆಗೆ ಕಟ್ಟಲ್ಪಟ್ಟಿತೆಂದೂ ವಿವರಿಸಿದನು. ಹಾಗೆಂದು ಆತನು ನಿಷ್ಕಳಂಕನೆಂದು ಭಾವಿಸಲಾಗದು. ಜೂಜಿನ ಚಟವಿತ್ತು, 1815ರಲ್ಲಿ ಯುವತಿಯೊಬ್ಬಳ ತಂದೆಯ ದೂರಿನ ಮೇಲೆ ಜಿನೋವಾದಲ್ಲಿ ಕೆಲವು ದಿನ ಬಂಧನದಲ್ಲಿಯೂ ಇದ್ದನು. ಆದರೆ ದೋಷವುಳ್ಳವನೆಲ್ಲ ಕೊಲೆಗಾರನಲ್ಲ.

ಆತನ ರೂಪವೂ ವದಂತಿಗೆ ಇಂಬು ನೀಡಿತು. ಕೃಶ ಶರೀರ, ಬಿಳಿಚಿದ ಮುಖ. ರೋಗಕ್ಕಾಗಿ ಸೇವಿಸಿದ ಪಾದರಸದ ಔಷಧವು ದೇಹವನ್ನು ಕೆಡಿಸಿತು. 1828ರಲ್ಲಿ ಪ್ರಾಗ್ ನಗರದಲ್ಲಿ ದವಡೆಯ ಶಸ್ತ್ರಚಿಕಿತ್ಸೆಯಾಗಿ ಕೆಳಗಿನ ಹಲ್ಲುಗಳು ಹೋದುವು. ಆತನನ್ನು ಪರೀಕ್ಷಿಸಿದ ವೈದ್ಯ ಬೆನ್ನಾತಿಯು ಕೀಲುಗಳು ಅಸಾಧಾರಣವಾಗಿ ಬಾಗುತ್ತಿದ್ದುದನ್ನು ಗುರುತಿಸಿದನು. ಜನರು ಸೈತಾನನೆಂದು ಕರೆದುದು ಒಬ್ಬ ರೋಗಿಯನ್ನು!

1840ರ ಮೇ 27ರಂದು ನೀಸ್ ಪಟ್ಟಣದಲ್ಲಿ ಪಗನೀನಿ ತೀರಿಕೊಂಡನು. ಅಂತಿಮ ಸಂಸ್ಕಾರ ಪಡೆಯದಿದ್ದುದಕ್ಕೆ ಹಳೆಯ ಅಪವಾದವೂ ಕೂಡಿ, ಅಲ್ಲಿಯ ಬಿಷಪ್ಪನು ಪವಿತ್ರಭೂಮಿಯಲ್ಲಿ ಹೂಳಲು ಅನುಮತಿಸಲಿಲ್ಲ. ಶವಪೆಟ್ಟಿಗೆಯು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತಲೇ ಇತ್ತು. ತಂದೆ ತೀರಿದಾಗ ಮಗ ಅಖಿಲ್ಲೆಗೆ 14 ವರ್ಷ. ಪಾರ್ಮಾ ನಗರದ ಸ್ಮಶಾನದಲ್ಲಿ ತಂದೆಗೆ ಸ್ಥಳ ದೊರೆತದ್ದು 1876ರಲ್ಲಿ. ಅಷ್ಟರಲ್ಲಿ ಆ ಬಾಲಕನಿಗೆ ಐವತ್ತಾಗಿತ್ತು.

ಪ್ರಿಯ ವಾಚಕರೇ, ವದಂತಿಯನ್ನು ವಿನೋದಕ್ಕೆಂದು ನುಡಿದವರು ಮನೆಗೆ ಹೋಗಿ ನಿದ್ರಿಸಿದರು. ಅದರ ಭಾರವನ್ನು 36 ವರ್ಷ ಹೊತ್ತವನು ಮಗ. ಪಗನೀನಿಯ ಪಿಟೀಲು ಇಂದಿಗೂ ಜಿನೋವಾ ನಗರದ ಸ್ವತ್ತಾಗಿ ಉಳಿದಿದೆ. 1820ರಲ್ಲಿ ಅಚ್ಚಾದ ಆತನ 24 ಕೃತಿಗಳನ್ನು ಜಗತ್ತಿನ ವಿದ್ಯಾರ್ಥಿಗಳು ಇಂದಿಗೂ ಅಭ್ಯಸಿಸುತ್ತಾರೆ. ಅವು ದೆವ್ವದ ಕೃತಿಗಳಾಗಿದ್ದರೆ ಅಭ್ಯಾಸದಿಂದ ಯಾರಿಗೂ ದಕ್ಕುತ್ತಿರಲಿಲ್ಲ. ದಕ್ಕುತ್ತಿವೆ ಎಂಬುದೇ ಸತ್ಯಕ್ಕೆ ಸಾಕ್ಷಿ.