೧೯೩೪ರ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆ

೧೯೩೪ರ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ೧೯೩೪ರ ನವೆಂಬರ್ ೬ರಂದು ನಡೆಯಿತು. ಇದರಲ್ಲಿ ರಿಪಬ್ಲಿಕನ್ ಪಕ್ಷದ ಫ್ರಾಂಕ್ ಮೆರಿಯಮ್ ಅವರು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವರನ್ನು ಸೋಲಿಸಿದರು. ಪತ್ರಿಕೆ ಹಾಗೂ ಚಲನಚಿತ್ರೋದ್ಯಮದ ಒಡೆಯರು ಒಟ್ಟಾಗಿ ಅಭ್ಯರ್ಥಿಯೊಬ್ಬರ ಸಾರ್ವಜನಿಕ ಚಿತ್ರಣವನ್ನು ರೂಪಿಸಿದ ಆರಂಭಿಕ ನಿದರ್ಶನಗಳಲ್ಲಿ ಈ ಚುನಾವಣೆಯೂ ಒಂದು.

== ಹಿನ್ನೆಲೆ ==
ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ರಾಜ್ಯದಲ್ಲಿ ನಿರುದ್ಯೋಗ ತೀವ್ರವಾಗಿತ್ತು. ''ದಿ ಜಂಗಲ್'' (೧೯೦೬) ಕಾದಂಬರಿಯಿಂದ ಪ್ರಸಿದ್ಧರಾಗಿದ್ದ ಸಿಂಕ್ಲೇರ್, 'ಎಪಿಕ್' ಎಂಬ ಬಡತನ ನಿರ್ಮೂಲನಾ ಯೋಜನೆಯನ್ನು ಮುಂದಿಟ್ಟರು. ಪಾಳುಬಿದ್ದ ಜಮೀನು ಮತ್ತು ಮುಚ್ಚಿದ ಕಾರ್ಖಾನೆಗಳಲ್ಲಿ ನಿರುದ್ಯೋಗಿಗಳೇ ಸಹಕಾರ ತತ್ವದ ಮೇಲೆ ಉತ್ಪಾದನೆ ನಡೆಸುವುದು, ಅರವತ್ತು ವರ್ಷ ಮೀರಿದ ಬಡವರಿಗೆ ತಿಂಗಳಿಗೆ ೫೦ ಡಾಲರ್ ಪಿಂಚಣಿ ನೀಡುವುದು ಹಾಗೂ ಶ್ರೀಮಂತರ ಮೇಲಿನ ತೆರಿಗೆಯನ್ನು ಹೆಚ್ಚಿಸುವುದು ಇದರ ಮುಖ್ಯಾಂಶಗಳಾಗಿದ್ದವು. ಆಗಸ್ಟ್‌ನಲ್ಲಿ ಅವರು ಪಕ್ಷದ ಪ್ರಾಥಮಿಕ ಚುನಾವಣೆಯನ್ನು ಗೆದ್ದಾಗ ಉದ್ಯಮಿಗಳು ಆತಂಕಗೊಂಡರು.

== ಸಿಂಕ್ಲೇರ್ ವಿರೋಧಿ ಪ್ರಚಾರ ==
=== ಪತ್ರಿಕೆಗಳು ===
ವೃತ್ತಿಪರ ಪ್ರಚಾರಕರಾದ ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ ಸಿಂಕ್ಲೇರ್ ಅವರ ಕೃತಿಗಳಿಂದ ಬಿಡಿ ವಾಕ್ಯಗಳನ್ನು ಆಯ್ದು ಪ್ರಚಾರಕ್ಕೆ ಬಳಸಿದರು. ಹ್ಯಾರಿ ಚಾಂಡ್ಲರ್ ಒಡೆತನದ ''ಲಾಸ್ ಏಂಜಲೀಸ್ ಟೈಮ್ಸ್'' ಇಂತಹ ವಾಕ್ಯಗಳನ್ನು ಮುಖಪುಟದಲ್ಲಿ ಚೌಕಟ್ಟು ಹಾಕಿ ಪ್ರಕಟಿಸಿತು. ಕಾದಂಬರಿಯ ಪಾತ್ರಗಳ ಮಾತುಗಳೂ ಲೇಖಕರ ಸ್ವಂತ ಅಭಿಪ್ರಾಯಗಳಂತೆ ಓದುಗರನ್ನು ತಲುಪಿದವು. ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಸಮೂಹದ ಪತ್ರಿಕೆಯೊಂದು ''ವೈಲ್ಡ್ ಬಾಯ್ಸ್ ಆಫ್ ದಿ ರೋಡ್'' (೧೯೩೩) ಎಂಬ ಕಥಾಚಿತ್ರದ ದೃಶ್ಯವನ್ನು, ರಾಜ್ಯಕ್ಕೆ ನುಗ್ಗುತ್ತಿರುವ ನಿರುದ್ಯೋಗಿಗಳ ನೈಜ ಛಾಯಾಚಿತ್ರವೆಂಬಂತೆ ಮುದ್ರಿಸಿತು.

=== ಚಲನಚಿತ್ರಗಳು ===
ಎಂಜಿಎಂ ಸ್ಟುಡಿಯೊದ ಮುಖ್ಯಸ್ಥ ಲೂಯಿ ಬಿ. ಮೇಯರ್ ರಿಪಬ್ಲಿಕನ್ ಪಕ್ಷದ ಪ್ರಮುಖರೂ ಆಗಿದ್ದರು. ಮೆರಿಯಮ್ ಪರವಾದ ನಿಧಿಗೆ ಒಂದು ದಿನದ ವೇತನ ನೀಡುವಂತೆ ಸ್ಟುಡಿಯೊ ನೌಕರರ ಮೇಲೆ ಒತ್ತಡ ಹೇರಲಾಯಿತು. ಅದೇ ಸಂಸ್ಥೆಯ ಇರ್ವಿಂಗ್ ಥಾಲ್ಬರ್ಗ್ ಸುದ್ದಿಚಿತ್ರಗಳ ರೂಪದ ಕಿರುಚಿತ್ರಗಳನ್ನು ಮಾಡಿಸಿದರು. ಅವುಗಳಲ್ಲಿ ಮೆರಿಯಮ್ ಬೆಂಬಲಿಗರು ಸಭ್ಯ ಗೃಹಸ್ಥರಾಗಿಯೂ ಸಿಂಕ್ಲೇರ್ ಬೆಂಬಲಿಗರು ಅಲೆಮಾರಿಗಳಾಗಿಯೂ ಕಾಣುತ್ತಿದ್ದರು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರದ ಜೊತೆಗೆ ಪ್ರದರ್ಶನವಾಗುತ್ತಿದ್ದುದರಿಂದ ಪ್ರೇಕ್ಷಕರಿಗೆ ಅವು ಪ್ರಚಾರವೆಂದು ತಿಳಿಯುವುದು ಕಷ್ಟವಾಗಿತ್ತು.

== ಫಲಿತಾಂಶ ==
ಮೆರಿಯಮ್ ಸುಮಾರು ೧೧.೪ ಲಕ್ಷ, ಸಿಂಕ್ಲೇರ್ ಸುಮಾರು ೮.೮ ಲಕ್ಷ ಮತ್ತು ಮೂರನೆಯ ಅಭ್ಯರ್ಥಿ ರೇಮಂಡ್ ಹೈಟ್ ಸುಮಾರು ೩ ಲಕ್ಷ ಮತಗಳನ್ನು ಪಡೆದರು. ಸೋಲಿಗೆ ಪ್ರಚಾರವೊಂದೇ ಕಾರಣವೆನ್ನಲಾಗದು. ವಿರೋಧಿ ಮತಗಳು ಹಂಚಿಹೋಗಿದ್ದವು. ಸ್ವಪಕ್ಷದವರೇ ಆದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಿಂಕ್ಲೇರ್‌ಗೆ ಬಹಿರಂಗ ಬೆಂಬಲ ನೀಡಲಿಲ್ಲ.

== ಪರಿಣಾಮ ==
ವಿಟೇಕರ್ ಮತ್ತು ಬ್ಯಾಕ್ಸ್‌ಟರ್ ಅವರ 'ಕ್ಯಾಂಪೇನ್ಸ್ ಇಂಕ್' ಸಂಸ್ಥೆಯು ಮುಂದೆ ಚುನಾವಣಾ ಪ್ರಚಾರವನ್ನೇ ಒಂದು ಉದ್ಯಮವಾಗಿ ಬೆಳೆಸಿತು. ಸಿಂಕ್ಲೇರ್ ೧೯೩೫ರಲ್ಲಿ ತಮ್ಮ ಸೋಲಿನ ಕುರಿತು ಪುಸ್ತಕ ಪ್ರಕಟಿಸಿದರು. ಎಪಿಕ್ ಚಳವಳಿಯೊಂದಿಗೆ ಗುರುತಿಸಿಕೊಂಡಿದ್ದ ಕಲ್ಬರ್ಟ್ ಓಲ್ಸನ್ ೧೯೩೮ರಲ್ಲಿ ಮೆರಿಯಮ್ ಅವರನ್ನು ಸೋಲಿಸಿ ಗವರ್ನರ್ ಆದರು. ೨೦೨೦ರ ''ಮ್ಯಾಂಕ್'' ಚಲನಚಿತ್ರದಲ್ಲಿ ಈ ಚುನಾವಣೆಯ ಚಿತ್ರಣವಿದೆ.