ತೂಕ ಇಳಿಸುವ ಎರಡು ಲೆಕ್ಕಗಳು

ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಸಿದ್ಧ ತಿನಿಸುಗಳ ಪೊಟ್ಟಣದ ಹಿಂಬದಿಯಲ್ಲಿ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಮೊದಲ ಸಾಲಿನಲ್ಲಿ ಕ್ಯಾಲೊರಿ. ಅದರ ಕೆಳಗೆ ಪ್ರೋಟೀನು, ಪಿಷ್ಟ, ಕೊಬ್ಬು. ತೂಕ ಇಳಿಸಲು ಹೊರಟವರಿಗೆ ಈ ಕೋಷ್ಟಕವೇ ಪಂಚಾಂಗ. ದಿನಕ್ಕೆ ಇಷ್ಟು ಕ್ಯಾಲೊರಿ ಮೀರಬಾರದು ಎಂಬುದು ಒಂದು ಗುರಿ. ಇಷ್ಟು ಗ್ರಾಂ ಪ್ರೋಟೀನು ಸೇರಲೇಬೇಕು, ಪಿಷ್ಟ ಮತ್ತು ಕೊಬ್ಬು ಇಂತಿಷ್ಟರಲ್ಲೇ ಇರಬೇಕು ಎಂಬುದು ಇನ್ನೊಂದು. ಪ್ರಯತ್ನಿಸಿದವರಿಗೆಲ್ಲ ತಿಳಿದಿರುವಂತೆ ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುತ್ತದೆ. ಪ್ರೋಟೀನಿಗಾಗಿ ಕಡಲೆಬೀಜ ತಿಂದರೆ ಕ್ಯಾಲೊರಿ ಮೇಲೇರುತ್ತದೆ. ಕ್ಯಾಲೊರಿಗೆ ಹೆದರಿ ಗಂಜಿ ಕುಡಿದರೆ ಪ್ರೋಟೀನು ಸಾಲದೆ ಬರುತ್ತದೆ.

ಈ ತೊಡಕು ಕೇವಲ ಅಡುಗೆಮನೆಯದಲ್ಲ. ಇದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಒಟ್ಟು ಮೊತ್ತದ ಲೆಕ್ಕ ಮತ್ತು ಪಾಲಿನ ಲೆಕ್ಕ ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣಕ್ಕೆ ಹುಟ್ಟಿ, ಬಹುಕಾಲ ಪರಸ್ಪರ ಜಗಳವಾಡಿದವು. ಆ ಜಗಳದ ಕಥೆ ತಿಳಿದರೆ ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ.

ಕರಗಿದ ಹಿಮ, ಹತ್ತಿದ ಬೆಟ್ಟ

1782-83ರ ಚಳಿಗಾಲದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ಮತ್ತು ಗಣಿತಜ್ಞ ಲಪ್ಲಾಸ್ ಒಂದು ಗಿನಿಯಿಲಿಯನ್ನು ಹಿಮದ ಗೋಡೆಯ ಪಾತ್ರೆಯೊಳಗೆ ಕೂರಿಸಿದರು. ಅದರ ಮೈಬಿಸಿಗೆ ಕರಗಿದ ಹಿಮವನ್ನೂ, ಅದು ಹೊರಬಿಟ್ಟ ಇಂಗಾಲದ ಗಾಳಿಯನ್ನೂ ಅಳೆದು, ಉರಿಯುವ ಇದ್ದಿಲಿನ ಜೊತೆ ಹೋಲಿಸಿದರು. ಉಸಿರಾಟವೆಂದರೆ ನಿಧಾನವಾಗಿ ನಡೆಯುವ ದಹನ ಎಂಬುದು ಅವರ ತೀರ್ಮಾನ. ಅಲ್ಲಿಯವರೆಗೆ ಜಠರಾಗ್ನಿ ಎಂಬುದು ಮಾತಿನಲ್ಲಿತ್ತು. ಈಗ ಅದು ಅಳತೆಗೆ ಸಿಕ್ಕಿತು.

‘ಕ್ಯಾಲೊರಿ’ ಎಂಬ ಪದ ಬಂದದ್ದು ಅನ್ನದಿಂದಲ್ಲ, ಉಗಿಯಂತ್ರದಿಂದ. 1820ರ ಆಸುಪಾಸಿನಲ್ಲಿ ಪ್ಯಾರಿಸಿನ ನಿಕೊಲಾ ಕ್ಲೆಮಾಂ ತನ್ನ ಉಪನ್ಯಾಸಗಳಲ್ಲಿ, ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾದ ಶಾಖಕ್ಕೆ ಈ ಹೆಸರಿಟ್ಟ. ಕಲ್ಲಿದ್ದಲಿನ ಲೆಕ್ಕಕ್ಕೆ ಹುಟ್ಟಿದ ಮಾಪನ ಊಟದ ತಟ್ಟೆಗೆ ಬರಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಅಷ್ಟರಲ್ಲಿ ಪಾಲಿನ ಲೆಕ್ಕ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. 1838ರಲ್ಲಿ ಡಚ್ ವಿಜ್ಞಾನಿ ಮುಲ್ಡರ್ ‘ಪ್ರೋಟೀನು’ ಎಂಬ ಪದವನ್ನು ಬಳಕೆಗೆ ತಂದ. ‘ಮೊದಲನೆಯದು’ ಎಂಬ ಅರ್ಥದ ಗ್ರೀಕ್ ಮೂಲದ ಆ ಹೆಸರನ್ನು ಸೂಚಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಹೆಸರಿಗೆ ತಕ್ಕಂತೆ ಅದಕ್ಕೆ ಅಗ್ರಸ್ಥಾನವೂ ದೊರೆಯಿತು. ಸ್ನಾಯುಗಳು ದುಡಿಯುವಾಗ ಉರಿಯುವುದು ಪ್ರೋಟೀನು ಮಾತ್ರ ಎಂದು ಜರ್ಮನಿಯ ಹೆಸರಾಂತ ರಸಾಯನಜ್ಞ ಲೀಬಿಗ್ ಸಾರಿದ.

ಅದನ್ನು ಪರೀಕ್ಷಿಸಲು 1865ರ ಆಗಸ್ಟಿನಲ್ಲಿ ಇಬ್ಬರು ಪ್ರಾಧ್ಯಾಪಕರು, ಫಿಕ್ ಮತ್ತು ವಿಸ್ಲಿಸೀನಸ್, ಸ್ವಿಟ್ಜರ್ಲೆಂಡಿನ ಫಾಲ್‌ಹಾರ್ನ್ ಶಿಖರ ಹತ್ತಿದರು. ತಿಂದದ್ದು ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆಗಳನ್ನು, ಕುಡಿದದ್ದು ಸಕ್ಕರೆ ಹಾಕಿದ ಚಹಾವನ್ನು. ಪ್ರೋಟೀನು ಹೆಚ್ಚುಕಡಿಮೆ ಇಲ್ಲ. ದಾರಿಯುದ್ದಕ್ಕೂ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿನ ಸಾರಜನಕವನ್ನು ಅಳೆದರು. ದೇಹದಲ್ಲಿ ಉರಿದ ಪ್ರೋಟೀನು ಆ ಎತ್ತರಕ್ಕೆ ಇಬ್ಬರನ್ನು ಹೊರಲು ಸಾಕಾಗುವಷ್ಟು ಇರಲೇ ಇಲ್ಲ. ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು. ಪ್ರೋಟೀನು ಮುಖ್ಯವಾಗಿ ದೇಹ ಕಟ್ಟುವ ಸಾಮಗ್ರಿ, ಉಳಿದೆರಡು ಮುಖ್ಯವಾಗಿ ಸೌದೆ ಎಂಬ ತಿಳಿವಳಿಕೆ ಮೆಲ್ಲಗೆ ಗಟ್ಟಿಯಾಯಿತು.

ಶವಸಂಸ್ಕಾರದ ವ್ಯಾಪಾರಿಯ ಪತ್ರ

ತೂಕ ಇಳಿಸುವ ಕಥೆಗೆ ಪಾಲಿನ ಲೆಕ್ಕ ಪ್ರವೇಶಿಸಿದ್ದು ಪ್ರಯೋಗಾಲಯದ ಬಾಗಿಲಿನಿಂದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಶವಸಂಸ್ಕಾರದ ಏರ್ಪಾಡು ಮಾಡುವ ಪ್ರತಿಷ್ಠಿತ ವ್ಯಾಪಾರಿ. ಅರವತ್ತು ದಾಟಿದ ಆತ 1862ರಲ್ಲಿ 202 ಪೌಂಡು, ಅಂದರೆ ಸುಮಾರು 92 ಕಿಲೋ ತೂಗುತ್ತಿದ್ದ. ಕಿವಿ ಮಂದವಾಯಿತೆಂದು ಹಾರ್ವೆ ಎಂಬ ವೈದ್ಯನ ಬಳಿಗೆ ಹೋದಾಗ, ಆತ ಔಷಧಿಗೆ ಬದಲು ಪಥ್ಯ ಹೇಳಿದ. ರೊಟ್ಟಿ, ಸಕ್ಕರೆ, ಬಿಯರು, ಆಲೂಗಡ್ಡೆ ಬಿಡಬೇಕು; ಮಾಂಸ, ಮೀನು ತಿನ್ನಬಹುದು. ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. ಬ್ಯಾಂಟಿಂಗ್ 1863ರಲ್ಲಿ ಸಾರ್ವಜನಿಕರಿಗೆ ಬರೆದ ಪತ್ರದ ರೂಪದ ಕಿರುಹೊತ್ತಗೆ ಮನೆಮಾತಾಯಿತು. ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇಂದಿಗೂ ‘ಬಾಂತಾ’ ಎನ್ನುತ್ತಾರೆ.

ಆ ಪಥ್ಯದಲ್ಲಿ ಕ್ಯಾಲೊರಿಯ ಸುಳಿವೇ ಇಲ್ಲ. ಎಷ್ಟು ಉರಿಯಿತು ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ಯಾವುದನ್ನು ಬಿಡಬೇಕು ಎಂಬುದಷ್ಟೇ ಪ್ರಶ್ನೆ. ಪಿಷ್ಟವೇ ಶತ್ರು ಎನ್ನುವ ಇಂದಿನ ಅನೇಕ ಪಥ್ಯಗಳ ಮೂಲಪುರುಷ ಈ ಬ್ಯಾಂಟಿಂಗ್.

ನಾಲ್ಕು, ಒಂಬತ್ತು, ನಾಲ್ಕು

ಎರಡು ಲೆಕ್ಕಗಳನ್ನು ಒಂದೇ ಕೋಷ್ಟಕಕ್ಕೆ ತಂದದ್ದು ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿಗಳು. ಶಕ್ತಿಯ ಮಟ್ಟಿಗೆ ಒಂದು ಆಹಾರಾಂಶದ ಬದಲು ಇನ್ನೊಂದನ್ನು ಶಾಖದ ಪ್ರಮಾಣಕ್ಕೆ ಸರಿಯಾಗಿ ಹಾಕಬಹುದು ಎಂದು 1883ರಲ್ಲಿ ರುಬ್ನರ್ ತೋರಿಸಿದ. ಅಲ್ಲಿ ಕಲಿತು ಹೋದ ಅಮೆರಿಕದ ಆಟ್‌ವಾಟರ್, ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನಿನಲ್ಲಿ ತಾಮ್ರದ ಹೊದಿಕೆಯ ಪುಟ್ಟ ಕೋಣೆಯೊಂದನ್ನು ಕಟ್ಟಿಸಿದ. 1890ರ ದಶಕದ ಕೊನೆಯಲ್ಲಿ ಮನುಷ್ಯರು ದಿನಗಟ್ಟಲೆ ಅದರೊಳಗೆ ಕುಳಿತು, ಮಲಗಿ, ನಿಂತಲ್ಲೇ ಸೈಕಲ್ ತುಳಿದು ಬದುಕಿದರು. ಒಳಹೋದ ಊಟ, ಹೊರಬಂದ ಮಲಮೂತ್ರ, ಬಿಟ್ಟ ಉಸಿರು, ಹೊಮ್ಮಿದ ಬಿಸಿ ಎಲ್ಲವನ್ನೂ ತೂಗಲಾಯಿತು.

ಈ ಶ್ರಮದಿಂದ ಹುಟ್ಟಿದ್ದು ಮೂರು ಸಂಖ್ಯೆಗಳು: ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ, ಕೊಬ್ಬಿಗೆ 9, ಪಿಷ್ಟಕ್ಕೆ 4. ನಮ್ಮ ಪೊಟ್ಟಣಗಳ ಮೇಲಿನ ಲೆಕ್ಕ ಇಂದಿಗೂ ಇದೇ.

ಆಟ್‌ವಾಟರನ ಚಿಂತೆ ಬೊಜ್ಜಿನದಾಗಿರಲಿಲ್ಲ. ಬಡ ಕಾರ್ಮಿಕನೊಬ್ಬ ಕಡಿಮೆ ದುಡ್ಡಿಗೆ ಹೆಚ್ಚು ಪುಷ್ಟಿ ಪಡೆಯುವುದು ಹೇಗೆ ಎಂಬುದು ಆತನ ಪ್ರಶ್ನೆ. ಆದ್ದರಿಂದಲೇ ಸೊಪ್ಪು, ಹಣ್ಣುಗಳು ಆತನಿಗೆ ದುಬಾರಿ ಸರಕಾಗಿ ಕಂಡವು: ಕಾಸಿಗೆ ತಕ್ಕ ಕ್ಯಾಲೊರಿ ಅವುಗಳಲ್ಲಿಲ್ಲ. ಜೀವಸತ್ವಗಳು ಆಗಿನ್ನೂ ಪತ್ತೆಯಾಗಿರಲಿಲ್ಲ. ಇಂದು ತೂಕ ಇಳಿಸುವವರಿಗೆ ಅದೇ ಸೊಪ್ಪು ಮೊದಲ ಶಿಫಾರಸು, ಅದೇ ಕಾರಣಕ್ಕೆ.

ಕೋಷ್ಟಕವನ್ನು ತಲೆಕೆಳಗು ಮಾಡಿದವರು ಲೂಲೂ ಹಂಟ್ ಪೀಟರ್ಸ್ ಎಂಬ ಕ್ಯಾಲಿಫೋರ್ನಿಯಾದ ವೈದ್ಯೆ. ಸ್ವತಃ ಸ್ಥೂಲಕಾಯದವರಾಗಿದ್ದು ತೂಕ ಇಳಿಸಿಕೊಂಡಿದ್ದ ಆಕೆ, 1918ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕ್ಯಾಲೊರಿ ಎಂಬ ಪದವನ್ನು ಉಚ್ಚರಿಸುವುದರಿಂದಲೇ ಪಾಠ ಆರಂಭಿಸಿದರು. ಒಂದು ತುಂಡು ರೊಟ್ಟಿ ಎನ್ನದೆ, ನೂರು ಕ್ಯಾಲೊರಿ ರೊಟ್ಟಿ ಎಂದೇ ಯೋಚಿಸಿ ಎಂಬುದು ಆಕೆಯ ಉಪದೇಶ. ಮೊದಲ ಮಹಾಯುದ್ಧದ ಕಾಲವಾದ್ದರಿಂದ ಮಿತಾಹಾರ ದೇಶಸೇವೆಯೂ ಆಯಿತು. ಪುಸ್ತಕದ ಲಕ್ಷಾಂತರ ಪ್ರತಿಗಳು ಖರ್ಚಾದವು. ಕಾರ್ಮಿಕನ ಹೊಟ್ಟೆ ತುಂಬಿಸಲು ಮಾಡಿದ ಲೆಕ್ಕ ಮಧ್ಯಮ ವರ್ಗದ ಹೊಟ್ಟೆ ಕಟ್ಟುವ ಲೆಕ್ಕವಾಯಿತು.

ಕೂನೂರಿನ ಕೋಷ್ಟಕ

ನಮ್ಮಲ್ಲಿಗೆ ಈ ಲೆಕ್ಕ ಬಂದದ್ದು ನೀಲಗಿರಿಯ ಕೂನೂರಿನ ಮೂಲಕ. ಮೆಕ್‌ಕ್ಯಾರಿಸನ್ ಅಲ್ಲಿ ಕಟ್ಟಿ ಬೆಳೆಸಿದ ಪೋಷಣ ಸಂಶೋಧನಾಲಯದ ಹೊಣೆಯನ್ನು 1935ರಲ್ಲಿ ಹೊತ್ತ ಏಕ್ರಾಯ್ಡ್, 1937ರಲ್ಲಿ ಭಾರತೀಯ ಆಹಾರಗಳ ಪೋಷಣಮೌಲ್ಯದ ಕೈಪಿಡಿಯನ್ನು ಹೊರತಂದರು. ಮುಂದೆ ಸಂಸ್ಥೆ ಹೈದರಾಬಾದಿಗೆ ಸಾಗಿ, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎನಿಸಿತು. ಅದು 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 528 ಆಹಾರಗಳಿವೆ.

ಈ ಪರಂಪರೆಯ ಹಳೆಯ ಕೋಷ್ಟಕದಲ್ಲಿ ರಾಗಿಯ ಸಾಲನ್ನು ನೋಡಿ. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನು 7.3 ಗ್ರಾಂ, ಕೊಬ್ಬು 1.3, ಪಿಷ್ಟ 72. ಒಟ್ಟು 328 ಕ್ಯಾಲೊರಿ. ನಾಲ್ಕು, ಒಂಬತ್ತು, ನಾಲ್ಕರಿಂದ ಗುಣಿಸಿ ಕೂಡಿಸಿದರೆ ಹೆಚ್ಚುಕಡಿಮೆ ಅದೇ ಸಂಖ್ಯೆ ಬರುತ್ತದೆ. ಮಿಡ್ಲ್‌ಟೌನಿನ ತಾಮ್ರದ ಕೋಣೆ ನಮ್ಮ ಮುದ್ದೆಯೊಳಗೂ ಕುಳಿತಿದೆ.

ನಮ್ಮ ದೇಶದಲ್ಲಿ ಈ ಸಂಖ್ಯೆಗಳು ಹಸಿವಿನ ಲೆಕ್ಕಕ್ಕೇ ದುಡಿದವು. ಏಕ್ರಾಯ್ಡ್ 1943ರ ಬಂಗಾಳದ ಕ್ಷಾಮದ ವಿಚಾರಣಾ ಆಯೋಗದ ಸದಸ್ಯರಾಗಿದ್ದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನದ ರೇಖೆ ಎಳೆದದ್ದೂ ಕ್ಯಾಲೊರಿಯಿಂದಲೇ: ಹಳ್ಳಿಯಲ್ಲಿ ದಿನಕ್ಕೆ 2400, ಪಟ್ಟಣದಲ್ಲಿ 2100. ಇದಕ್ಕಿಂತ ಕೆಳಗೆ ಯಾರೂ ಇಳಿಯಬಾರದು ಎಂದು ಎಳೆದ ಗೆರೆ ಅದು. ಅದೇ ಮಾಪನದಲ್ಲಿ ಈಗ ಅನೇಕರು ಇದಕ್ಕಿಂತ ಮೇಲೆ ಏರಬಾರದು ಎಂಬ ಗೆರೆಯನ್ನು ತಮಗೆ ತಾವೇ ಎಳೆದುಕೊಳ್ಳುತ್ತಿದ್ದಾರೆ. ಹೊಟ್ಟೆ ತುಂಬಿಸುವುದೇ ಗುರಿಯಾಗಿದ್ದ ಊಟದ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ. ಭಾರತೀಯರ ಕ್ಯಾಲೊರಿಯಲ್ಲಿ ಶೇಕಡ 62ರಷ್ಟು ಪಿಷ್ಟದಿಂದಲೇ ಬರುತ್ತದೆಂದು 2025ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಹೇಳಿತು.

ಜಗಳ ಬಗೆಹರಿದ ಬಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಲೆಕ್ಕಗಳೂ ತಮ್ಮ ತಮ್ಮ ಅತಿಗೆ ಹೋದವು. 1958ರಲ್ಲಿ ವಿಷ್ನೋಫ್‌ಸ್ಕಿ ಎಂಬ ಅಮೆರಿಕದ ವೈದ್ಯ, ಒಂದು ಪೌಂಡು ತೂಕಕ್ಕೆ 3500 ಕ್ಯಾಲೊರಿ ಸಮ ಎಂದು ಲೆಕ್ಕ ಹಾಕಿದ. ಕಿಲೋಗೆ ಇದು ಸುಮಾರು 7700. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೊಂದು ಪೌಂಡು ತಪ್ಪದೆ ಇಳಿಯುತ್ತದೆ ಎಂಬ ಭರವಸೆ ಇದರಿಂದ ಹುಟ್ಟಿತು. ಆದರೆ ದೇಹ ಉಗಿಯಂತ್ರವಲ್ಲ. 1944-45ರಲ್ಲೇ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಅವರ ಒಪ್ಪಿಗೆಯಿಂದ 24 ವಾರ ಅರೆಹೊಟ್ಟೆಯಲ್ಲಿಟ್ಟಿದ್ದ. ದಿನಕ್ಕೆ ಸುಮಾರು 1570 ಕ್ಯಾಲೊರಿ. ತೂಕ ಕಾಲುಭಾಗ ಇಳಿಯಿತು. ಜೊತೆಗೆ ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿಯೂ ಸುಮಾರು ಶೇಕಡ 40ರಷ್ಟು ಕುಗ್ಗಿತು. ಆ ಯುವಕರು ಹಗಲೂ ರಾತ್ರಿ ಊಟದ ಮಾತನ್ನೇ ಆಡಿದರು, ಅಡುಗೆ ಪುಸ್ತಕ ಓದಿದರು. ಆದಾಯ ಇಳಿದಾಗ ಮನೆಯವರು ಖರ್ಚು ಬಿಗಿ ಮಾಡುವಂತೆ ದೇಹವೂ ಮಾಡುತ್ತದೆ. ಮೊದಲ ತಿಂಗಳು ಸರಸರ ಇಳಿದ ತೂಕ ಆಮೇಲೆ ನಿಂತುಬಿಟ್ಟರೆ ಅದು ಮನೋಬಲದ ಸೋಲೆಂದು ತಿಳಿಯಬೇಕಾಗಿಲ್ಲ.

ಇತ್ತ ಪಾಲಿನ ಪಂಗಡದವರಲ್ಲೇ ಎರಡು ಪಕ್ಷಗಳಾದವು. 1972ರಲ್ಲಿ ಅಟ್ಕಿನ್ಸ್ ಎಂಬ ವೈದ್ಯ ಪಿಷ್ಟ ಬಿಡಿ ಎಂದ. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಕೊಬ್ಬು ಕಡಿಮೆ ಮಾಡಿ ಎಂದಿತು.

ದೊಡ್ಡ ಪ್ರಯೋಗಗಳು ನಡೆದದ್ದು ನಮ್ಮ ಕಾಲದಲ್ಲಿ. 2009ರಲ್ಲಿ ಅಮೆರಿಕದಲ್ಲಿ 811 ಜನರಿಗೆ ನಾಲ್ಕು ಬಗೆಯ ಊಟ ಸೂಚಿಸಿ ಎರಡು ವರ್ಷ ಗಮನಿಸಿದ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ಕ್ಯಾಲೊರಿ ಕಡಿತ. ಪಾಲು ಮಾತ್ರ ಬೇರೆ ಬೇರೆ. ತೂಕ ಇಳಿದದ್ದು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. 2018ರಲ್ಲಿ 609 ಜನರ ಇನ್ನೊಂದು ಪ್ರಯೋಗ, ಕೊಬ್ಬು ಕಡಿಮೆ ಮಾಡಿದವರಿಗೂ ಪಿಷ್ಟ ಕಡಿಮೆ ಮಾಡಿದವರಿಗೂ ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ತೋರಿಸಿತು.

ಹಾಗಾದರೆ ಪಾಲಿನ ಲೆಕ್ಕ ವ್ಯರ್ಥವೇ? ಅಲ್ಲ. ತೂಕ ಇಳಿಯುತ್ತದೆಯೇ ಎಂಬುದನ್ನು ಒಟ್ಟು ಮೊತ್ತ ನಿರ್ಧರಿಸುತ್ತದೆ. ಇಳಿಯುವುದು ಕೊಬ್ಬೇ ಸ್ನಾಯುವೇ ಎಂಬುದರಲ್ಲಿ ಪ್ರೋಟೀನಿಗೆ, ವ್ಯಾಯಾಮಕ್ಕೆ ದೊಡ್ಡ ಪಾತ್ರವಿದೆ. ಪ್ರೋಟೀನು ಹಸಿವನ್ನೂ ತಡೆದು ಹಿಡಿಯುತ್ತದೆ. ಮೊತ್ತ ಮೊದಲು, ಪ್ರೋಟೀನು ಎರಡನೆಯದು. ಉಳಿದದ್ದನ್ನು ಪಿಷ್ಟ, ಕೊಬ್ಬುಗಳ ನಡುವೆ ಹೇಗೆ ಹಂಚಿಕೊಂಡರೂ ತೂಕದ ಮಟ್ಟಿಗೆ ನಡೆಯುತ್ತದೆ. ಜಗಳ ಕೊನೆಗೆ ನಿಂತದ್ದು ಈ ಕ್ರಮದಲ್ಲಿ.

ಒಂದು ಉದಾಹರಣೆ. 70 ಕಿಲೋ ತೂಗುವ ಒಬ್ಬರು ದಿನಕ್ಕೆ 1600 ಕ್ಯಾಲೊರಿಯ ಮಿತಿ ಇಟ್ಟುಕೊಂಡರೆನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಹೇಳಿದ ಪ್ರೋಟೀನು ದೇಹತೂಕದ ಕಿಲೋಗೆ 0.83 ಗ್ರಾಂ, ಇವರಿಗೆ ಸುಮಾರು 58. ತೂಕ ಇಳಿಸುವಾಗ ಇನ್ನೂ ಸ್ವಲ್ಪ ಹೆಚ್ಚು, 70 ಗ್ರಾಂ ಎಂದುಕೊಳ್ಳೋಣ. ಅದಕ್ಕೆ 280 ಕ್ಯಾಲೊರಿ. ಕೊಬ್ಬು 45 ಗ್ರಾಂ, 405 ಕ್ಯಾಲೊರಿ. ಉಳಿದ 915 ಕ್ಯಾಲೊರಿಗೆ ಸುಮಾರು 229 ಗ್ರಾಂ ಪಿಷ್ಟ.

ಈಗ ತಟ್ಟೆಯ ಕಷ್ಟ ನೋಡಿ. 60 ಗ್ರಾಂ ಪ್ರೋಟೀನನ್ನು ರಾಗಿಯೊಂದರಿಂದಲೇ ಪಡೆಯಲು 820 ಗ್ರಾಂ ರಾಗಿ ಬೇಕು. ಸುಮಾರು 2700 ಕ್ಯಾಲೊರಿ. ಮಿತಿ ಎಲ್ಲಿ ಉಳಿಯಿತು? ತೊಗರಿಬೇಳೆಯಿಂದಲಾದರೆ 270 ಗ್ರಾಂ, ಸುಮಾರು 900 ಕ್ಯಾಲೊರಿ. ಯಾರೂ ಒಂದೇ ದಿನ ಅಷ್ಟು ಬೇಳೆ ತಿನ್ನುವುದಿಲ್ಲ, ನಿಜ. ಆದರೆ ದಿಕ್ಕು ಸ್ಪಷ್ಟವಾಗಿದೆ. ಮುದ್ದೆಯನ್ನೋ ಅನ್ನವನ್ನೋ ಬಿಡಬೇಕಾಗಿಲ್ಲ. ಅದರ ಗಾತ್ರ ಇಳಿಸಿ, ತಿಳಿಸಾರಿನ ಬದಲು ಗಟ್ಟಿಬೇಳೆ, ಹುರುಳಿ, ಮೊಳಕೆಕಾಳು, ಕೆನೆ ತೆಗೆದ ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಸೇರಿಸಿದರೆ ಎರಡು ಲೆಕ್ಕಗಳೂ ಹತ್ತಿರ ಬರುತ್ತವೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ನಾಲ್ಕು, ಒಂಬತ್ತು, ನಾಲ್ಕು ಎಂಬುದು ಸರಾಸರಿ ಮಾತ್ರ. ಬಾದಾಮಿಯಿಂದ ದೇಹಕ್ಕೆ ನಿಜವಾಗಿ ದಕ್ಕುವ ಕ್ಯಾಲೊರಿಗಿಂತ ಕೋಷ್ಟಕದ ಲೆಕ್ಕ ಶೇಕಡ 32ರಷ್ಟು ಹೆಚ್ಚೆಂದು 2012ರ ಅಧ್ಯಯನವೊಂದು ಕಂಡುಕೊಂಡಿತು. ಮನೆಯ ಸಾರಿಗೆ, ಪಲ್ಯಕ್ಕೆ ಬೀಳುವ ಒಗ್ಗರಣೆಯ ಎಣ್ಣೆಯನ್ನು ಯಾರೂ ಗ್ರಾಂ ಲೆಕ್ಕದಲ್ಲಿ ತೂಗುವುದಿಲ್ಲ. ದಿನದ ಕೊನೆಗೆ ಐವತ್ತು ಕ್ಯಾಲೊರಿ ಹೆಚ್ಚಾಯಿತೆಂದು ನಿದ್ದೆಗೆಡುವವರು, ಆ ಐವತ್ತು ಅಳತೆಯ ತಪ್ಪಿನೊಳಗೇ ಅಡಗಿಹೋಗುವಷ್ಟು ಚಿಕ್ಕದೆಂದು ನೆನಪಿಡಬೇಕು. ಒಂದು ದಿನದ ಸಂಖ್ಯೆಗಿಂತ ವಾರಗಳ ಒಲವು ಮುಖ್ಯ. ಹಸಿದವನಿಗೆ ಎಷ್ಟು ಅನ್ನ ಸಾಕು ಎಂದು ತಿಳಿಯಲು ಹುಟ್ಟಿದ ಲೆಕ್ಕ ಇದು; ಉಂಡವರು ಅದಕ್ಕೆ ಹೆದರಿ ಕೂರಬೇಕಾಗಿಲ್ಲ.