ಗುಲಾಬಿ ರಿಬ್ಬನ್ನಿನ ಹಣ ಯಾರನ್ನು ತಲುಪಬೇಕು?

1977ರಲ್ಲಿ ಅಮೆರಿಕದ ಪಿಯೋರಿಯಾ ಪಟ್ಟಣದ ಸೂಸನ್ ಕೋಮೆನ್‌ಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾದಾಗ ಆಕೆಗೆ 33 ವರ್ಷ. ಮೂರು ವರ್ಷಗಳ ಬಳಿಕ, 1980ರಲ್ಲಿ ಆಕೆ ತೀರಿಕೊಂಡಳು. ಈ ರೋಗದ ವಿರುದ್ಧ ಹೋರಾಡುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದ ತಂಗಿ ನ್ಯಾನ್ಸಿ ಬ್ರಿಂಕರ್, 1982ರಲ್ಲಿ ಡಲ್ಲಾಸ್ ನಗರದಲ್ಲಿ ಅಕ್ಕನ ಹೆಸರಿನಲ್ಲೇ ಒಂದು ದತ್ತಿಸಂಸ್ಥೆ ಆರಂಭಿಸಿದರು. ಆಗ ಕೈಯಲ್ಲಿದ್ದದ್ದು 200 ಡಾಲರ್ ಮತ್ತು ದೇಣಿಗೆ ಕೊಡಬಹುದಾದವರ ಹೆಸರುಗಳನ್ನು ಬರೆದಿಟ್ಟ ಒಂದು ಶೂ ಪೆಟ್ಟಿಗೆ.

ಈ ಕಾಯಿಲೆಯನ್ನು ಮನೆಯವರಿಗೂ ಹೇಳದೆ ಬಚ್ಚಿಡುತ್ತಿದ್ದ ಕಾಲ ಇನ್ನೂ ಪೂರ್ತಿ ಕಳೆದಿರಲಿಲ್ಲ. 1974ರಲ್ಲಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ಶಸ್ತ್ರಚಿಕಿತ್ಸೆಯ ವಿಷಯವನ್ನು ಬಹಿರಂಗವಾಗಿ ಹೇಳಿದ್ದೇ ದೊಡ್ಡ ಸುದ್ದಿಯಾಗಿತ್ತು. ಅಂಥ ಸಮಾಜದಲ್ಲಿ 1983ರಲ್ಲಿ ಬ್ರಿಂಕರ್ ಅವರ ಸಂಸ್ಥೆ ನಡೆಸಿದ ಮೊದಲ ಓಟಕ್ಕೆ 800 ಮಂದಿ ಬಂದರು. ಮುಂದೆ ಈ ಓಟ ಊರೂರಿಗೆ ಹಬ್ಬಿತು. ಗುಲಾಬಿ ರಿಬ್ಬನ್ ಅದರ ಗುರುತಾಯಿತು.

ಸಂಗ್ರಹವಾದ ಹಣವನ್ನು ಹಂಚುವುದಕ್ಕೂ ಒಂದು ನಿಯಮವಿತ್ತು. ಸ್ಥಳೀಯ ಶಾಖೆಗಳು ನಿವ್ವಳ ಗಳಿಕೆಯ ಶೇ. 75ರವರೆಗೆ ತಮ್ಮ ಊರಿನಲ್ಲೇ ತಪಾಸಣೆಗೆ, ರೋಗಿಗಳ ನೆರವಿಗೆ, ತಿಳಿವಳಿಕೆ ಮೂಡಿಸುವ ಕೆಲಸಕ್ಕೆ ವ್ಯಯಿಸಬಹುದಿತ್ತು. ಕನಿಷ್ಠ ಶೇ. 25 ಸಂಶೋಧನೆಗೆ ಮೀಸಲಾಗಿತ್ತು.

ಸಂಶೋಧನೆಗೆ ಕೊಟ್ಟ ದೇಣಿಗೆ ವ್ಯರ್ಥವಾಗಲಿಲ್ಲವೆಂಬುದಕ್ಕೆ ಬೇರೆ ಕಡೆಯ ಒಂದು ಉದಾಹರಣೆಯೂ ಇದೆ. ಲಾಸ್ ಏಂಜಲೀಸ್‌ನ ವೈದ್ಯ ಡೆನ್ನಿಸ್ ಸ್ಲೇಮನ್ ಒಂದು ಬಗೆಯ ಸ್ತನ ಕ್ಯಾನ್ಸರಿಗೆ ಮದ್ದು ಹುಡುಕುತ್ತಿದ್ದಾಗ ಔಷಧ ಕಂಪೆನಿ ಹಿಂದೆಮುಂದೆ ನೋಡುತ್ತಿತ್ತು. ಆಗ ಅವರ ಕೆಲಸ ನಿಲ್ಲದಂತೆ ನೋಡಿಕೊಂಡದ್ದು ರೆವ್ಲಾನ್ ಎಂಬ ಪ್ರಸಾಧನ ಕಂಪೆನಿಯ ದೇಣಿಗೆ. 1998ರಲ್ಲಿ ಹರ್ಸೆಪ್ಟಿನ್ ಎಂಬ ಆ ಔಷಧಿಗೆ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿತು.

ಆದರೆ ಮದ್ದು ಹುಟ್ಟಿದ ಮಾತ್ರಕ್ಕೆ ಎಲ್ಲರೂ ಬದುಕುವುದಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಬಿಳಿಯ ಮತ್ತು ಕರಿಯ ಮಹಿಳೆಯರಲ್ಲಿ ಈ ರೋಗದಿಂದ ಸಾಯುವವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮ್ಯಾಮೊಗ್ರಫಿ ಮತ್ತು ಹೊಸ ಔಷಧಿಗಳು ಬಂದ ಮೇಲೆ ಅಂತರ ಬೆಳೆಯಿತು. ಇಂದು ಕರಿಯ ಮಹಿಳೆಯರಲ್ಲಿ ರೋಗ ಬರುವ ಪ್ರಮಾಣ ತುಸು ಕಡಿಮೆ, ಸಾವಿನ ಪ್ರಮಾಣ ಮಾತ್ರ ಸುಮಾರು ಶೇ. 40 ಹೆಚ್ಚು. ರೋಗದ ಸ್ವರೂಪದಲ್ಲಿರುವ ವ್ಯತ್ಯಾಸವೂ ಇದಕ್ಕೆ ಕಾರಣ. ಆದರೆ ವಿಮೆ ಇಲ್ಲದಿರುವುದು, ತಪಾಸಣೆ ತಡವಾಗುವುದು, ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಸಣ್ಣ ಕಾರಣಗಳಲ್ಲ. ಶೇ. 75ರ ಆ ಪಾಲಿನ ಮಹತ್ವ ಇರುವುದು ಇಲ್ಲಿಯೇ.

ಆ ಪಾಲು ಎಷ್ಟು ಅಭದ್ರವಾದುದೆಂದು 2012ರಲ್ಲಿ ಬಯಲಾಯಿತು. ಬಡ ಮಹಿಳೆಯರ ಸ್ತನ ತಪಾಸಣೆಗಾಗಿ 'ಪ್ಲಾನ್ಡ್ ಪೇರೆಂಟ್‌ಹುಡ್' ಸಂಸ್ಥೆಗೆ ಕೊಡುತ್ತಿದ್ದ ಅನುದಾನವನ್ನು ಕೋಮೆನ್ ಸಂಸ್ಥೆ ನಿಲ್ಲಿಸಲಿದೆ ಎಂಬ ಸುದ್ದಿ ಜನವರಿ 31ರಂದು ಹೊರಬಿತ್ತು. ಆ ಸಂಸ್ಥೆ ಗರ್ಭಪಾತದ ಸೇವೆಯನ್ನೂ ನೀಡುತ್ತಿದ್ದುದರಿಂದ ಇದು ರಾಜಕೀಯ ಒತ್ತಡದ ಫಲವೆಂಬ ಆರೋಪ ಎದ್ದಿತು. ಪ್ರತಿಭಟನೆಗೆ ಮಣಿದು ಫೆಬ್ರವರಿ 3ರಂದು ನಿರ್ಧಾರ ಬದಲಾಯಿತು. ಆದರೆ ಬಳಿಕ ಓಟಕ್ಕೆ ಬರುವವರೂ ಕಡಿಮೆಯಾದರು, ದೇಣಿಗೆಯೂ ಇಳಿಯಿತು. ದಾನಿಯ ಮರ್ಜಿಯ ಮೇಲೆ ನಿಂತ ಆರೋಗ್ಯಸೇವೆ ಮೂರೇ ದಿನಗಳಲ್ಲಿ ಅಲುಗಾಡಬಲ್ಲದು.

ಈ ಪಾಠ ನಮಗೂ ಅನ್ವಯಿಸುತ್ತದೆ. 1941ರಲ್ಲಿ ಟಾಟಾ ದತ್ತಿನಿಧಿಯಿಂದ ಆರಂಭವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮುಂದೆ ಸರಕಾರದ ಕೈಸೇರಿತು. ಅದರ ವೈದ್ಯರು 1998ರಲ್ಲಿ ನಗರದ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ಆರಂಭಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು, ದುಬಾರಿ ಯಂತ್ರವಿಲ್ಲದೆ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ.

ಪ್ರಯೋಗಾಲಯಕ್ಕೂ ಹಣ ಬೇಕು, ಗಲ್ಲಿಗೂ ಬೇಕು. ಪ್ರಯೋಗಾಲಯದ ಸಾಧನೆಗೆ ಚಪ್ಪಾಳೆ ಬೀಳುತ್ತದೆ. ಗಲ್ಲಿಯ ಕಾರ್ಯಕರ್ತೆಯ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಕೊಡುವವರು ರಸೀದಿ ಪಡೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಈ ಹಣ ತಪಾಸಣೆಗೆ ಬರಲಾಗದ ಹೆಣ್ಣಿನ ಮನೆ ಬಾಗಿಲಿಗೆ ತಲುಪುತ್ತದೆಯೇ?